ಕಮಿಷನ್ ಕಡಿಮೆ ಸಿಗುವ ಮನೆಯನ್ನು ನಮ್ಮ ಬ್ರೋಕರ್ ತೋರಿಸಲೇಬೇಕಾ?

ಬೋಗಾದಿ ಬಾಡಿಗೆದಾರ:

ಸ್ವಲ್ಪ ಉದ್ದ ಆಗಬಹುದು, ಮೊದಲೇ ಹೇಳಿಬಿಡುತ್ತೇನೆ.

ಆರು ತಿಂಗಳಿಂದ ಮೈಸೂರಿನಲ್ಲಿ ಮನೆ ಹುಡುಕುತ್ತಿದ್ದೇವೆ. 20×30 ಆದರೂ ಪರವಾಗಿಲ್ಲ, ಹಳೇ ಮನೆ ಆದರೂ ಸರಿ, ದಟ್ಟಗಳ್ಳಿ ಇಲ್ಲಾ ರಾಮಕೃಷ್ಣನಗರದ ಕಡೆ ಇರಬೇಕು, 80 ಲಕ್ಷ ದಾಟಬಾರದು. ನಮ್ಮ ಮಾವ ಒಬ್ಬ ಬ್ರೋಕರ್ ಪರಿಚಯ ಮಾಡಿಸಿದರು. ರಿಜಿಸ್ಟ್ರೇಷನ್ ದಿನ 2 ಪರ್ಸೆಂಟ್ ಕೊಡಬೇಕು ಅಂತ ಬಾಯಿಮಾತಿನಲ್ಲಿ ಒಪ್ಪಿಕೊಂಡೆವು. ಮನುಷ್ಯ ಕೆಟ್ಟವರೇನಲ್ಲ. ಭಾನುವಾರ ಬಂತೆಂದರೆ ಅವರ ಸ್ಕೂಟರ್ ಮುಂದೆ, ನಮ್ಮ ಕಾರು ಹಿಂದೆ. ಹನ್ನೊಂದು ಮನೆ ತೋರಿಸಿದರು. ಒಂದರಲ್ಲಿ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಇನ್ನೊಂದರಲ್ಲಿ ಸಂಪ್ ಮೇಲೆ ಬಚ್ಚಲು ಕಟ್ಟಿದ್ದರು. ಯಾವುದೂ ಮನಸ್ಸಿಗೆ ಬರಲಿಲ್ಲ.

ಹೋದ ವಾರ ಸಂಜೆ ದೋಸೆ ತಿಂದು ಸುಮ್ನೆ ದಟ್ಟಗಳ್ಳಿಯಲ್ಲಿ ನಡೆದುಕೊಂಡು ಬರುತ್ತಿದ್ದಾಗ ಒಂದು ಗೇಟಿನ ಮೇಲೆ 'ಮನೆ ಮಾರಾಟಕ್ಕಿದೆ' ಬೋರ್ಡ್ ಕಂಡಿತು. ಪೂರ್ವದ ಬಾಗಿಲು, ಎದುರಿಗೆ ಪಾರ್ಕ್, 78 ಲಕ್ಷ. ಫೋನಿನಲ್ಲಿ ನೋಡಿದರೆ ಇದೇ ಮನೆ ಒಂದು ಆ್ಯಪ್‌ನಲ್ಲಿ ಮೂರು ತಿಂಗಳಿಂದ ಇದೆ. ಮಾರುವವರ ಹತ್ತಿರ ಪರ್ಸೆಂಟ್ ಲೆಕ್ಕ ಹಾಕದೆ ಒಂದು ಮೊತ್ತ ಅಂತ ತೆಗೆದುಕೊಂಡು ಜಾಹೀರಾತು ಹಾಕಿ ಕೊಡುವ ಕಂಪನಿ ಅದು.

ನಮ್ಮ ಬ್ರೋಕರ್‌ಗೆ ಫೋನ್ ಮಾಡಿದೆ. 'ಅದು ಬೇಡ ಬಿಡಿ ಸಾರ್, ಪೇಪರ್ ಪ್ರಾಬ್ಲಮ್ ಇದೆ' ಅಂದರು. ಒಂದು ಸೆಕೆಂಡ್ ಕೂಡ ಯೋಚಿಸಲಿಲ್ಲ. ಸರಿ ಅಂತ ಬಿಡಬಹುದಿತ್ತು, ಆದರೆ ನನ್ನ ಹೆಂಡತಿ ಬಿಡಲಿಲ್ಲ. ಮಾರನೇ ದಿನ ನಾವೇ ಹೋಗಿ ಬೆಲ್ ಮಾಡಿದೆವು. ಮನೆಯವರು ನಿವೃತ್ತ ಮೇಷ್ಟ್ರು. ಕಾಫಿ ಕೊಟ್ಟು ಫೈಲ್ ತಂದು ಮುಂದಿಟ್ಟರು. ಮುಡಾದಿಂದ ಮಂಜೂರಾದ ಸೈಟು, ಅವರದೇ ಹೆಸರಿನಲ್ಲಿ ಹಕ್ಕುಪತ್ರ, ಖಾತೆ, ಈ ವರ್ಷದ ಕಂದಾಯದ ರಸೀದಿ, ಎಲ್ಲ ಇತ್ತು. ಆಮೇಲೆ ಮೇಷ್ಟ್ರು ಹೇಳಿದ ಮಾತು ಕೇಳಿ: 'ನಿಮ್ಮ ಬ್ರೋಕರ್ ಮೊದಲನೇ ವಾರವೇ ಬಂದಿದ್ದರಪ್ಪ. 2 ಪರ್ಸೆಂಟ್ ಕೇಳಿದರು. ಕಂಪನಿಗೆ ಆಗಲೇ ದುಡ್ಡು ಕಟ್ಟಿದ್ದೀನಿ, ಇನ್ನೊಮ್ಮೆ ಕೊಡೋಕಾಗಲ್ಲ ಅಂದೆ. ಹೋದವರು ತಿರುಗಿ ನೋಡಲಿಲ್ಲ.'

ನನ್ನ ಪ್ರಶ್ನೆ ಎರಡು. ನನ್ನ ಪರವಾಗಿ ಮನೆ ಹುಡುಕುವವರು ಇಂಥ ಮನೆಯನ್ನೂ ತೋರಿಸಬೇಕಲ್ವಾ? ಈಗ ಈ ಮನೆ ತೆಗೆದುಕೊಂಡರೆ ಅವರಿಗೆ ನಾನು ಏನಾದರೂ ಕೊಡಬೇಕಾ?

ರಿಂಗ್ ರೋಡ್ ದಲ್ಲಾಳಿ:

ನಾನೂ ಇದೇ ಕಸುಬಿನವನು. ಹದಿನಾಲ್ಕು ವರ್ಷ ಆಯಿತು. ಬೈಯೋರು ಬೈಯಿರಿ, ಒಳಗಿನ ಮಾತು ಹೇಳುತ್ತೇನೆ.

ಪೇಪರ್ ಸರಿ ಇಲ್ಲ ಅಂತ ಸುಳ್ಳು ಹೇಳಿದ್ದು ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ. ಒಬ್ಬರ ಆಸ್ತಿಗೆ ಹೀಗೆ ಕೆಟ್ಟ ಹೆಸರು ಹಚ್ಚಿದರೆ ಅದು ಬೀದಿ ತುಂಬ ಹರಡುತ್ತದೆ, ಆ ಮೇಷ್ಟ್ರು ಪಾಪ ಇನ್ನೂ ಮೂರು ತಿಂಗಳು ಕಾಯಬೇಕಾಗುತ್ತದೆ.

ಆದರೆ ತೋರಿಸಲಿಲ್ಲ ಅನ್ನುವುದಕ್ಕೆ ಮಾತ್ರ ಸಿಟ್ಟಾಗಬೇಡಿ. ಮೈಸೂರಿನಲ್ಲಿ ನಮಗೆ ತಿರುಗಿದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ. ಹತ್ತು ಪಾರ್ಟಿ ಸುತ್ತಿಸಿದರೆ ಒಂದು ಕುದುರಿದರೆ ಹೆಚ್ಚು. ಉಳಿದ ಒಂಬತ್ತರ ಪೆಟ್ರೋಲ್, ಭಾನುವಾರ, ಬಿಸಿಲು, ಎಲ್ಲ ಆ ಒಂದರಲ್ಲೇ ಹುಟ್ಟಬೇಕು.

ಇನ್ನೊಂದು ವಿಷಯ, ಇದನ್ನು ಕೊಳ್ಳುವವರು ನೋಡಿರುವುದೇ ಇಲ್ಲ. ಆ ಕಡಿಮೆ ದರದ ಕಂಪನಿ ಫೋಟೋ ಹಾಕಿ ಕೈತೊಳೆದುಕೊಳ್ಳುತ್ತದೆ. ಕೀಲಿ ಯಾರ ಹತ್ತಿರ ಇದೆ, ಮೂಲಪತ್ರ ಬ್ಯಾಂಕಿನಲ್ಲಿ ಇದೆಯಾ, ಅಣ್ಣತಮ್ಮಂದಿರು ಒಪ್ಪಿದ್ದಾರಾ ಅಂತ ಕೇಳುವವರು ಇರುವುದಿಲ್ಲ. ಹೋದ ವರ್ಷ ಶ್ರೀರಾಂಪುರದಲ್ಲಿ ಇಂಥದೇ ಒಂದು ಮನೆಗೆ ಪಾರ್ಟಿ ಕರೆದುಕೊಂಡು ಹೋದೆ. ಟೋಕನ್ ಕೊಟ್ಟಾಯಿತು. ಆಮೇಲೆ ಗೊತ್ತಾಯಿತು, ಅದು ತಂದೆ ಆಸ್ತಿ, ಹಾಸನದಲ್ಲಿರುವ ಅಕ್ಕನ ಸಹಿ ಬೇಕು, ಅಕ್ಕನಿಗೂ ತಮ್ಮನಿಗೂ ಮಾತಿಲ್ಲ. ನಾನು ಎರಡು ಸಲ ಹಾಸನಕ್ಕೆ ಬಸ್ಸು ಹತ್ತಿದೆ. ಅದು ಮಾರುವವರ ಕಡೆಯವನ ಕೆಲಸ. ಆ ಕಡೆಯಿಂದ ನನಗೆ ಬಂದದ್ದು ಒಂದು ಲೋಟ ಮಜ್ಜಿಗೆ.

ಬೋಗಾದಿ ಬಾಡಿಗೆದಾರ:

ಮಜ್ಜಿಗೆ ವಿಷಯಕ್ಕೆ ಬೇಜಾರಾಯಿತು ಸಾರ್. ಆದರೆ ಒಂದು ಅರ್ಥ ಆಗುತ್ತಿಲ್ಲ. ಮಾರುವವರು ಕೊಡಲಿ ಬಿಡಲಿ, ನನ್ನಿಂದ 2 ಪರ್ಸೆಂಟ್ ಬರುತ್ತಿತ್ತಲ್ಲ? ಮತ್ಯಾಕೆ ಬಚ್ಚಿಟ್ಟರು?

ರಿಂಗ್ ರೋಡ್ ದಲ್ಲಾಳಿ:

ಲೆಕ್ಕ ಹಾಕಿ. 78 ಲಕ್ಷಕ್ಕೆ 2 ಪರ್ಸೆಂಟ್ ಅಂದರೆ 1,56,000. ಎರಡೂ ಕಡೆ ಸಿಕ್ಕಿದರೆ 3,12,000. ನೀವು ನೋಡಿದ ಆ ಹನ್ನೊಂದು ಮನೆಯೂ ಎರಡೂ ಕಡೆ ಸಿಗುವ ಮನೆಯೇ ಆಗಿರುತ್ತದೆ. ಅಷ್ಟೇ ಗುಟ್ಟು.

ಇನ್ನೂ ಒಂದು ಭಯ ಇದೆ. ಆ್ಯಪ್‌ನಲ್ಲಿ ಓನರ್ ನಂಬರ್ ಸಿಗುತ್ತದೆ. ನಾನು ಮನೆ ತೋರಿಸಿ ಬಂದ ರಾತ್ರಿಯೇ ಪಾರ್ಟಿ ನೇರ ಫೋನ್ ಮಾಡಿ ನನ್ನನ್ನು ಕೈಬಿಟ್ಟು ವ್ಯಾಪಾರ ಮುಗಿಸುತ್ತಾರೆ. ಎರಡು ಸಲ ಆಗಿದೆ. ಒಬ್ಬರಂತೂ ಗೃಹಪ್ರವೇಶಕ್ಕೆ ಕಾರ್ಡ್ ಬೇರೆ ಕಳಿಸಿದ್ದರು.

ಚಾಮುಂಡಿಪುರಂ ಚಕ್ಕುಲಿ:

ಗೃಹಪ್ರವೇಶದ ಊಟಕ್ಕೆ ಹೋದ್ರಾ ಇಲ್ವಾ, ಅದನ್ನು ಹೇಳಿ ಮೊದಲು.

ರಿಂಗ್ ರೋಡ್ ದಲ್ಲಾಳಿ:

ಹೋದೆ. ಹೋಳಿಗೆ ಚೆನ್ನಾಗಿತ್ತು.

ಮಂಡ್ಯದಿಂದ ಡಲ್ಲಾಸ್:

ನಮ್ಮೂರು ಮಂಡ್ಯ, ಈಗ ಇರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಇದೇ ಜಗಳ ಇಲ್ಲಿ ಕೋರ್ಟಿನವರೆಗೂ ಹೋಗಿದೆ. ಅದಕ್ಕೇ ಬರೆಯೋಣ ಅನ್ನಿಸಿತು.

ಇಲ್ಲಿನ ಪದ್ಧತಿ ಬೇರೆ. ಕೊಳ್ಳುವವರಿಗೆ ಒಬ್ಬ ಏಜೆಂಟ್, ಮಾರುವವರಿಗೆ ಇನ್ನೊಬ್ಬ. ಇಬ್ಬರಿಗೂ ಸೇರಿ ಸಾಮಾನ್ಯವಾಗಿ 5–6 ಪರ್ಸೆಂಟ್ ಮಾರುವವರೇ ಕೊಡುತ್ತಿದ್ದರು, ಅದನ್ನು ಇಬ್ಬರು ಹಂಚಿಕೊಳ್ಳುತ್ತಿದ್ದರು. ಎಂಎಲ್‌ಎಸ್ ಅಂತ, ಮಾರಾಟಕ್ಕಿರುವ ಮನೆಗಳದ್ದು, ಏಜೆಂಟ್‌ಗಳೇ ಇಡುವ ಪಟ್ಟಿ ಪ್ರಾಂತ್ಯಕ್ಕೊಂದು ಇರುತ್ತದೆ. ಯಾವ ಮನೆ ಮಾರಿಕೊಟ್ಟರೆ ಕೊಳ್ಳುವವರ ಏಜೆಂಟ್‌ಗೆ ಎಷ್ಟು ಅಂತ ಅದರಲ್ಲೇ ಬರೆದಿರುತ್ತಿತ್ತು. ನಮಗೆ ಕಾಣಿಸುತ್ತಿರಲಿಲ್ಲ, ಅವರಿಗೆ ಕಾಣಿಸುತ್ತಿತ್ತು. ಕಡಿಮೆ ದರದ ಕಂಪನಿ ಮೂಲಕ ಮಾರುವವರು ಕೆಲವರು ಆ ಪಾಲನ್ನೂ ಕಡಿಮೆ ಇಡುತ್ತಿದ್ದರು. ಅಂಥ ಮನೆ ಬಂದರೆ ಕೆಲವು ಏಜೆಂಟ್‌ಗಳು ಮಾತೇ ಎತ್ತುತ್ತಿರಲಿಲ್ಲ, ಗಿರಾಕಿಯನ್ನು ಮೆಲ್ಲಗೆ ಬೇರೆ ಮನೆ ಕಡೆ ತಿರುಗಿಸುತ್ತಿದ್ದರು. ಇದಕ್ಕೆ ಇಲ್ಲಿ 'ಸ್ಟಿಯರಿಂಗ್' ಅಂತಲೇ ಹೆಸರು. ದನ ಅಟ್ಟಿದ ಹಾಗೆ.

ಇದು ಬರೀ ಅನುಮಾನ ಅಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಪೂರ್ವ ಭಾಗದಲ್ಲಿ 1998ರಿಂದ 2011ರವರೆಗೆ ಮಾರಾಟಕ್ಕೆ ಬಂದ ಆರೂವರೆ ಲಕ್ಷ ಮನೆಗಳ ಲೆಕ್ಕ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದ್ದರು. ಕಮಿಷನ್ ಕಡಿಮೆ ಇಟ್ಟ ಮನೆಗಳು ಮಾರಾಟವಾಗುವ ಸಾಧ್ಯತೆ ಶೇ 5ರಷ್ಟು ಕಡಿಮೆ, ಮಾರಾಟಕ್ಕೆ ಹಿಡಿಯುವ ಸಮಯ ಶೇ 12ರಷ್ಟು ಜಾಸ್ತಿ. ಮನೆ ಅದೇ, ಗೋಡೆ ಅದೇ. ಕರೆದುಕೊಂಡು ಬರುವವರಿಗೆ ಉಮೇದಿಲ್ಲ ಅಷ್ಟೇ.

2023ರ ಅಕ್ಟೋಬರ್ ಕೊನೆಗೆ ಮಿಸೌರಿಯ ಜ್ಯೂರಿ ಇಲ್ಲಿನ ರಿಯಲ್ಟರ್‌ಗಳ ರಾಷ್ಟ್ರೀಯ ಸಂಘ ಮತ್ತು ಕೆಲವು ದೊಡ್ಡ ಕಂಪನಿಗಳ ವಿರುದ್ಧ ಸುಮಾರು 180 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಸಂಘ 41.8 ಕೋಟಿ ಡಾಲರ್‌ಗೆ ರಾಜಿಗೆ ಒಪ್ಪಿತು. ಆ ವರ್ಷದ ಆಗಸ್ಟ್ 17ರಿಂದ ಎಂಎಲ್‌ಎಸ್ ಪಟ್ಟಿಯಲ್ಲಿ ಕೊಳ್ಳುವವರ ಏಜೆಂಟ್‌ಗೆ ಇಷ್ಟು ಅಂತ ಬರೆಯುವ ಹಾಗಿಲ್ಲ. ಮನೆ ತೋರಿಸುವ ಮೊದಲೇ ನನಗೆ ಇಷ್ಟು ಅಂತ ಕೊಳ್ಳುವವರ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು. ಕಮಿಷನ್ ಎಷ್ಟು, ಯಾವ ಕಂಪನಿ ಅನ್ನುವುದರ ಮೇಲೆ ಮನೆಗಳನ್ನು ಸೋಸಿ ಗಿರಾಕಿಗೆ ಕಳಿಸುವಂತಿಲ್ಲ ಅಂತಲೂ ನಿಯಮ ಇದೆ.

ಇಷ್ಟಾದ ಮೇಲೂ ಎಲ್ಲ ಸರಿಹೋಗಿದೆ ಅಂತ ನಾನು ಹೇಳಲ್ಲ. ಒಂದು ವ್ಯತ್ಯಾಸ ಮಾತ್ರ ನೋಡಿ. ಇಲ್ಲಿ ಏಜೆಂಟ್ ಬಚ್ಚಿಟ್ಟರೂ ಮನೆ ನನ್ನ ಫೋನಿನಲ್ಲೇ ಕಾಣುತ್ತದೆ, ಇದನ್ನು ಯಾಕೆ ತೋರಿಸಲಿಲ್ಲ ಅಂತ ಕೇಳಬಹುದು. ಮೈಸೂರಿನಲ್ಲಿ ಪಟ್ಟಿ ಇರುವುದು ಬ್ರೋಕರ್ ಜೇಬಿನ ಡೈರಿಯಲ್ಲಿ, ಅವರದೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ನೀವು ಆ ದಿನ ದೋಸೆ ತಿನ್ನಲು ಹೋಗದಿದ್ದರೆ ಮೇಷ್ಟ್ರ ಮನೆ ನಿಮ್ಮ ಪಾಲಿಗೆ ಇರುತ್ತಲೇ ಇರಲಿಲ್ಲ.

ಸರಸ್ವತಿಪುರಂ ಮೊಮ್ಮಗಳು:

ಮಾರುವವರ ಕಡೆ ಕೂತು ನೋಡಿದವಳು ನಾನು. ನಮ್ಮ ಅಜ್ಜಿ ಹೋದ ಮೇಲೆ ಅವರ ಮನೆ ಮಾರಬೇಕಿತ್ತು. ನಾನಿರುವುದು ಬೆಂಗಳೂರು, ಅಮ್ಮನಿಗೆ ಮಂಡಿನೋವು. ಇಂಥದೇ ಒಂದು ಕಡಿಮೆ ದರದ ಕಂಪನಿಗೆ ಕೊಟ್ಟೆವು. ಫೋಟೋಗಳು ಚೆನ್ನಾಗಿ ಬಂದಿದ್ದವು. ಅಜ್ಜಿಯ ತುಳಸಿಕಟ್ಟೆ ಕೂಡ ಯಾವುದೋ ರೆಸಾರ್ಟಿನದ್ದು ಅನ್ನುವ ಹಾಗೆ ಕಾಣಿಸುತ್ತಿತ್ತು.

ನಾಲ್ಕು ತಿಂಗಳು ಒಬ್ಬರೂ ಬರಲಿಲ್ಲ. ಸುಳ್ಳು, ಬಂದರು. ಬಾಡಿಗೆಗೆ ಇದೆಯಾ ಅಂತ ಕೇಳಿಕೊಂಡು ಬಂದರು. ಪಕ್ಕದ ರಸ್ತೆಯಲ್ಲಿ ನಮ್ಮದಕ್ಕಿಂತ ಹಳೇ ಮನೆ, ಬ್ರೋಕರ್ ಹಾಕಿದ ಬೋರ್ಡು, ಒಂದೂವರೆ ತಿಂಗಳಿಗೆ ಹೋಯಿತು.

ಕೊನೆಗೆ ಎದುರು ಮನೆಯ ಆಂಟಿ ಬುದ್ಧಿ ಹೇಳಿದರು. 'ನೀನು ಬ್ರೋಕರ್‌ಗಳನ್ನು ಬೇಡ ಅಂದಿದ್ದೀಯ, ಅವರು ನಿನ್ನ ಮನೆ ಬೇಡ ಅಂದಿದ್ದಾರೆ, ಇದರಲ್ಲಿ ತಪ್ಪೇನಿದೆ?' ಮಾತು ಚುಚ್ಚಿತು, ಆದರೆ ನಿಜ ಅಲ್ವಾ. ಆ ಏರಿಯಾದ ಮೂವರು ಬ್ರೋಕರ್‌ಗಳನ್ನು ಕರೆದು, ಕಂಪನಿ ಜಾಹೀರಾತು ಹಾಗೇ ಇರಲಿ, ಯಾರು ಪಾರ್ಟಿ ತಂದರೂ ನಮ್ಮ ಕಡೆಯಿಂದ 1 ಪರ್ಸೆಂಟ್ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೊಟ್ಟೆ. ಐದು ವಾರಕ್ಕೆ ಅಗ್ರಿಮೆಂಟ್ ಆಯಿತು. ಕಂಪನಿಗೆ ಕೊಟ್ಟಿದ್ದು, ಬ್ರೋಕರ್‌ಗೆ ಕೊಟ್ಟಿದ್ದು ಎರಡೂ ಸೇರಿಸಿದರೂ 2 ಪರ್ಸೆಂಟ್ ಮುಟ್ಟಲಿಲ್ಲ.

ಆದರೂ ಒಂದು ಸಿಟ್ಟು ಹೋಗಿಲ್ಲ. ಆ ಮೂವರಲ್ಲಿ ಒಬ್ಬರು ಮೊದಲ ತಿಂಗಳೇ ಬಂದು ಮನೆ ನೋಡಿ ಹೋದವರು. ಆಮೇಲೆ ಕಾಂಪೌಂಡ್ ಬಿರುಕು ಬಿಟ್ಟಿದೆ, ಬೋರ್‌ವೆಲ್ ಬತ್ತಿದೆ ಅಂತ ನಾಲ್ಕು ಜನರ ಹತ್ತಿರ ಹೇಳಿದ್ದರಂತೆ. 1 ಪರ್ಸೆಂಟ್ ಅಂದ ತಕ್ಷಣ ಬಿರುಕು ಕೂಡಿಕೊಂಡಿತು, ಬೋರ್‌ವೆಲ್‌ನಲ್ಲಿ ನೀರು ಬಂತು.

ಚಾಮುಂಡಿಪುರಂ ಚಕ್ಕುಲಿ:

ಮೇಡಂ, ಆ ಬ್ರೋಕರ್‌ನ ನಮ್ಮ ತೋಟಕ್ಕೆ ಕಳಿಸಿ. ಮೂರು ಬೋರ್ ಒಣಗಿ ಕೂತಿವೆ.

ನಾವೂ ಸಾಚಾ ಅಲ್ಲ ಬಿಡಿ. 2025ರ ಆಗಸ್ಟ್ 31ರಿಂದ ಸರ್ಕಾರ ನೋಂದಣಿ ಶುಲ್ಕವನ್ನು 1 ಪರ್ಸೆಂಟ್‌ನಿಂದ 2ಕ್ಕೆ ಏರಿಸಿತು. 5 ಪರ್ಸೆಂಟ್ ಸ್ಟಾಂಪ್ ಡ್ಯೂಟಿ ಬೇರೆ, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಬೇರೆ. ಗೊಣಗಿಕೊಂಡು ಕಟ್ಟುತ್ತೇವೆ. ಆರು ತಿಂಗಳು ಬಿಸಿಲಲ್ಲಿ ಸುತ್ತಿದವನಿಗೆ ಅದೇ 2 ಪರ್ಸೆಂಟ್ ಅಂದರೆ ರಿಜಿಸ್ಟ್ರೇಷನ್ ಹಿಂದಿನ ರಾತ್ರಿ ಚೌಕಾಸಿ ಶುರು. ನಮ್ಮಪ್ಪನೇ ಮಾಡಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ.

ಪತ್ರ ಬರಹ:

ವಕೀಲರ ಕಚೇರಿಯಲ್ಲಿ ಕ್ರಯಪತ್ರ ಬರೆಯುವ ಕೆಲಸ ಮಾಡುತ್ತೇನೆ. ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದ್ದರಿಂದ ನೀವು ಒಪ್ಪಿದ್ದು ಏನು ಅನ್ನುವುದೇ ಮುಖ್ಯ. 'ನೀವು ತೋರಿಸಿದ ಮನೆ ತೆಗೆದುಕೊಂಡರೆ 2 ಪರ್ಸೆಂಟ್' ಅಂದಿದ್ದರೆ ಒಂದು ದಾರಿ. 'ಯಾವ ಮನೆ ತೆಗೆದುಕೊಂಡರೂ 2 ಪರ್ಸೆಂಟ್' ಅಂದಿದ್ದರೆ ಬೇರೆಯೇ ದಾರಿ. ನಮ್ಮ ಕಡೆ ಬಹುತೇಕ ಎಲ್ಲರೂ ಮಾತಾಡುವುದು ಮೊದಲನೆಯದು. 1872ರ ಕರಾರು ಕಾಯ್ದೆಯ 219ನೇ ಸೆಕ್ಷನ್ ಪ್ರಕಾರ, ಬೇರೆ ಮಾತು ಆಗಿಲ್ಲದಿದ್ದರೆ ಏಜೆಂಟ್‌ಗೆ ದುಡ್ಡು ಬಾಕಿ ಬರುವುದು ಒಪ್ಪಿಕೊಂಡ ಕೆಲಸ ಮುಗಿದ ಮೇಲೆ. 220ನೇ ಸೆಕ್ಷನ್ ಇನ್ನೂ ನೇರ. ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟ್‌ಗೆ, ಯಾವ ಭಾಗದಲ್ಲಿ ಹಾಗೆ ಮಾಡಿದರೋ ಆ ಭಾಗದ ಸಂಭಾವನೆ ಕೇಳುವ ಹಕ್ಕಿಲ್ಲ. ಇದ್ದ ಮನೆಯನ್ನು ಬಚ್ಚಿಟ್ಟು ಪೇಪರ್ ಸರಿ ಇಲ್ಲ ಅಂತ ಸುಳ್ಳು ಹೇಳಿದವರು ಅದೇ ಮನೆಗೆ ಕಮಿಷನ್ ಕೇಳಿದರೆ, ನನ್ನ ಅಭಿಪ್ರಾಯದಲ್ಲಿ ಅವರ ಕೈ ತೀರಾ ಸಡಿಲ.

ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ದೂರು ಕೊಡಿ ಅಂತ ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ. 2016ರ ಆ ಕಾಯ್ದೆಯ 9ನೇ ಸೆಕ್ಷನ್ ಏಜೆಂಟ್‌ಗಳು ನೋಂದಾಯಿಸಿಕೊಳ್ಳಬೇಕು ಅನ್ನುವುದು ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ಗಳ ಮಾರಾಟಕ್ಕೆ. ಹೊಸ ಬಡಾವಣೆ, ಅಪಾರ್ಟ್‌ಮೆಂಟು, ಇಂಥವು. ಮೇಷ್ಟ್ರ ಹಳೇ ಮನೆ ಅದರೊಳಗೆ ಬರುವುದಿಲ್ಲ. ಕಮಿಷನ್ ಇಷ್ಟೇ ಇರಬೇಕು ಅಂತಲೂ ಆ ಕಾಯ್ದೆ ಹೇಳುವುದಿಲ್ಲ.

ಎರಡೂ ಕಡೆ ತೆಗೆದುಕೊಳ್ಳುವುದನ್ನು ನಾನು ತಪ್ಪು ಅನ್ನಲ್ಲ, ಇಬ್ಬರಿಗೂ ಗೊತ್ತಿದ್ದರೆ. ಗೊತ್ತಿಲ್ಲದೆ ತೆಗೆದುಕೊಂಡರೆ ಅವರು ಯಾರ ಮನುಷ್ಯ ಅನ್ನುವುದೇ ತಿಳಿಯುವುದಿಲ್ಲ. ನೀವು 75ಕ್ಕೆ ಕೇಳಿ ಅಂದಾಗ ಅವರು ಒಳಗೆ ಹೋಗಿ ಏನು ಹೇಳಿ ಬಂದರು ಅಂತ ನಿಮಗೆ ಹೇಗೆ ಗೊತ್ತಾಗಬೇಕು?

ಒಂದು ಹಾಳೆಯಲ್ಲಿ ಬರೆದುಕೊಳ್ಳಿ ಸಾರ್. ಎಷ್ಟು ಕೊಡುತ್ತೀರಿ, ಯಾವಾಗ, ಯಾವ ಮನೆಗೆ, ಮಾರುವವರಿಂದಲೂ ಅವರಿಗೆ ಬರುತ್ತದಾ. ನಾಲ್ಕು ಸಾಲು ಸಾಕು.

ರಿಂಗ್ ರೋಡ್ ದಲ್ಲಾಳಿ:

ಬರೆದುಕೊಳ್ಳಿ ಅನ್ನುವುದು ಸುಲಭ. ಪೇಪರ್ ತೆಗೆದರೆ ಪಾರ್ಟಿ ಹೆದರಿ ಪಕ್ಕದ ಬ್ರೋಕರ್ ಹತ್ತಿರ ಹೋಗುತ್ತಾರೆ. ಆದರೂ ಪತ್ರ ಬರಹದವರು ಹೇಳಿದ್ದನ್ನು ಒಪ್ಪುತ್ತೇನೆ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: 'ಸಾರ್, ದಟ್ಟಗಳ್ಳಿಯಲ್ಲಿ ಒಂದು ಮನೆ ಇದೆ, ಚೆನ್ನಾಗಿದೆ, ಆ ಕಡೆಯಿಂದ ನನಗೆ ಏನೂ ಬರಲ್ಲ, ಎರಡೂ ಕಡೆಯ ಓಡಾಟ ನನ್ನದೇ ಆಗುತ್ತೆ, ನೀವು ಎರಡೂವರೆ ಕೊಡೋದಾದರೆ ಬನ್ನಿ.' ಒಪ್ಪುವುದು ಬಿಡುವುದು ನಿಮ್ಮಿಷ್ಟ. ತೋರಿಸಲೇಬೇಕು ಅಂತ ನನ್ನ ಕುತ್ತಿಗೆ ಹಿಡಿಯಬೇಡಿ, ಇದೆ ಅಂತ ಹೇಳಲೇಬೇಕು ಅನ್ನಿ, ಅದು ನ್ಯಾಯ.

ಮಂಡ್ಯದಿಂದ ಡಲ್ಲಾಸ್:

ಇಲ್ಲ ಕಣಣ್ಣ, ಇದನ್ನು ಒಪ್ಪಲ್ಲ. ಅವರು 2 ಪರ್ಸೆಂಟ್‌ಗೆ ಒಪ್ಪಿ ಹೊರಟ ಮೇಲೆ, ಆ ಬೆಲೆಗೆ ಆ ಏರಿಯಾದಲ್ಲಿ ಸಿಗುವ ಮನೆ ಎಲ್ಲವನ್ನೂ ತೋರಿಸುವುದೇ ಕೆಲಸ. ಇದಕ್ಕೆ ಇಷ್ಟು, ಅದಕ್ಕೆ ಅಷ್ಟು ಅಂತ ಮಧ್ಯದಲ್ಲಿ ಮೀಟರ್ ಏರಿಸಿದರೆ ಅದು ಆಟೋ.

ಬೋಗಾದಿ ಬಾಡಿಗೆದಾರ:

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ನಿನ್ನೆ ಬ್ರೋಕರ್ ಅವರನ್ನು ನಮ್ಮ ಮನೆಗೇ ಕರೆದೆ. ಮೇಷ್ಟ್ರು ಹೇಳಿದ್ದನ್ನು ಹಾಗೇ ಅವರ ಮುಂದಿಟ್ಟೆ. ಸ್ವಲ್ಪ ಹೊತ್ತು ಟೀಪಾಯಿ ನೋಡುತ್ತಾ ಕೂತರು. 'ಪೇಪರ್ ಬಗ್ಗೆ ಹಾಗೆ ಹೇಳಬಾರದಿತ್ತು ಸಾರ್' ಅಂದರು. ಆಮೇಲೆ ಅವರೂ ಒಂದು ಪ್ರಶ್ನೆ ಕೇಳಿದರು. 'ನಾನು ತೋರಿಸಿದ್ದರೆ, ಆ್ಯಪ್‌ನಲ್ಲಿ ನಂಬರ್ ಇದ್ದರೂ ನೀವು ನನ್ನ ಕೈಬಿಡುತ್ತಿರಲಿಲ್ಲ ಅಂತ ದೇವರಾಣೆ ಹೇಳ್ತೀರಾ?' ನಾನು ಹೂಂ ಅಂದೆ. ನನ್ನ ಹೆಂಡತಿ ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿದ್ದಳು. ಈಗ ಯೋಚಿಸಿದರೆ ಅಷ್ಟು ಗ್ಯಾರಂಟಿ ಇಲ್ಲ.

ಕೊನೆಗೆ ಹೀಗೆ ಮಾತಾಯಿತು. ಮನೆ ಹುಡುಕಿದ್ದು ನಾವು, ಅದಕ್ಕೆ ಕಮಿಷನ್ ಇಲ್ಲ. ಆದರೆ ಮುಂದಿನ ಓಡಾಟ, ಅಂದರೆ ಇಸಿ (ಆಸ್ತಿ ಮೇಲಿನ ಸಾಲ, ಮಾರಾಟಗಳ ದಾಖಲೆ) ತೆಗೆಸುವುದು, ಸರ್ವೆಯವರನ್ನು ಕರೆಸಿ ಅಳತೆ ಮಾಡಿಸುವುದು, ಬ್ಯಾಂಕಿನವರ ಹಿಂದೆ ಬೀಳುವುದು, ರಿಜಿಸ್ಟ್ರೇಷನ್ ದಿನ ಜೊತೆಗಿರುವುದು, ಇದಕ್ಕೆ ಒಟ್ಟು 40,000. ಮೇಷ್ಟ್ರಿಂದ ಒಂದು ರೂಪಾಯಿ ಕೇಳುವ ಹಾಗಿಲ್ಲ. ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಬರೆದು ಇಬ್ಬರೂ ಸಹಿ ಹಾಕಿದೆವು. ನಮ್ಮ ಮಾವನಿಗೆ ಇದು ಜಾಸ್ತಿ ಅನ್ನಿಸಿದೆ, ನಮ್ಮ ಅತ್ತೆಗೆ ಕಡಿಮೆ ಅನ್ನಿಸಿದೆ.

ಭಾನುವಾರ ಮತ್ತೆ ಮೇಷ್ಟ್ರ ಮನೆಗೆ ಹೋಗುತ್ತಿದ್ದೇವೆ. ಈ ಸಲ ಬ್ರೋಕರ್ ಕೂಡ ಬರುತ್ತಾರೆ. ಮೇಷ್ಟ್ರು ಕಾಫಿ ಕೊಡುತ್ತಾರೋ ಇಲ್ಲವೋ ಅಂತ ಅವರಿಗೆ ಚಿಂತೆ.

ಪತ್ರ ಬರಹ:

ಇಸಿ 13 ವರ್ಷದ್ದು ಸಾಕು ಅಂತಾರೆ, ಒಪ್ಪಬೇಡಿ. 30 ವರ್ಷದ್ದು ತೆಗೆಸಿ. ಬೆಲೆ 50 ಲಕ್ಷ ದಾಟಿದೆ, ಹಾಗಾಗಿ ಮೇಷ್ಟ್ರಿಗೆ ದುಡ್ಡು ಕೊಡುವಾಗ 1 ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟುವುದು ನಿಮ್ಮ ಜವಾಬ್ದಾರಿ. 78,000. ಎಷ್ಟೋ ಜನ ಇದನ್ನು ಮರೆತು ಆಮೇಲೆ ನೋಟಿಸ್ ಹಿಡಿದುಕೊಂಡು ನಮ್ಮ ಹತ್ತಿರ ಬರುತ್ತಾರೆ.

ರಿಂಗ್ ರೋಡ್ ದಲ್ಲಾಳಿ:

ಪಾರ್ಕ್ ಎದುರು ಅಂದ್ರಲ್ಲ, ಮಳೆಗಾಲದಲ್ಲಿ ಆ ಕಡೆ ಕೆಲವು ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಪಕ್ಕದ ಮನೆಯವರನ್ನು ಕೇಳಿ. ಇದಕ್ಕೆ ಕಮಿಷನ್ ಬೇಡ.